ದೇವರಿಗೆ ನಮ್ಮ ಸ್ತುತಿ ಯಾಕೆ ಬೇಕು? (ಓದುಗರ ಪ್ರಶ್ನೆ, ಚರ್ಚಿನ ಅಯ್ಯನವರ ಉತ್ತರ)

ಪ್ರಶ್ನೆ: ಅಯ್ಯನವರೇ, ನಾನು ಕೊಡಗಿನ ಸಿದ್ದಾಪುರ ಹತ್ರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಆಳುಗಳ ಹಾಜರಿ ಬರೆಯೋನು, ಆಗಿದ್ದೀನಿ. ಮನೇಲಿ ದಿನಾ ಬೈಬಲ್ ಓದ್ತೀವಿ, ಪ್ರಾರ್ಥನೆ ಮಾಡ್ತೀವಿ, ಕಷ್ಟ ಅಂತ ಬಂದೋರಿಗೆ ಕೈಲಾದಷ್ಟು ಸಹಾಯನೂ ಮಾಡ್ತೀನಿ. ಆದ್ರೆ ಚರ್ಚಿಗೆ ಹೋಗೋದು ಬಹಳ ಕಮ್ಮಿ ಆಗಿದೆ. ಜನವರಿ ಬಂದ್ರೆ ಕಾಫಿ ಕುಯ್ಲು, ಆಗ ಭಾನುವಾರ ಅಂತ ಏನೂ ಇರಲ್ಲ, ಜೂನ್ ಬಂದ್ರೆ ಮಳೆ. ಕೊರೋನಾ ಟೈಮಲ್ಲಿ ಮೊಬೈಲಲ್ಲೇ ಆರಾಧನೆ ನೋಡೋ ಅಭ್ಯಾಸ ಆಯ್ತು, ಈಗ್ಲೂ ಅದೇ ನಡೀತಿದೆ. ಮೊನ್ನೆ ಪಿಯುಸಿ ಓದೋ ಮಗ ಕೇಳ್ದ, "ಅಪ್ಪಾ, ಯಾರಾದ್ರೂ ಮನುಷ್ಯ ವಾರ ವಾರ ಬಂದು ನನ್ನ ಹೊಗಳಿ ಅಂದ್ರೆ ಅವನಿಗೆ ಅಹಂಕಾರ ಅಂತೀವಿ, ದೇವ್ರು ಯಾಕೆ ಹಾಗೆ ಕೇಳ್ತಾನೆ?" ನಂಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ಒಳ್ಳೆ ರೀತಿ ಬದುಕಿದ್ರೆ ಸಾಕಲ್ವಾ?
- ಒಬ್ಬ ಓದುಗರು, ಸಿದ್ದಾಪುರ

ಉತ್ತರ: ಮೊದ್ಲು ನಿಮ್ಮ ಮಗನಿಗೆ ಉತ್ತರ ಕೊಡ್ತೀನಿ, ಯಾಕಂದ್ರೆ ಅವನು ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ, ದಯವಿಟ್ಟು ಅವನನ್ನ ಗದರಿಸಬೇಡಿ. ಇದೇ ಮಾತನ್ನ ಬೈಬಲ್ಲೇ ಎತ್ತುತ್ತೆ. ಐವತ್ತನೇ ಕೀರ್ತನೆ ತೆಗೆದು ಅವನ ಜೊತೆ ಕೂತು ಓದಿ. ಅಲ್ಲಿ ದೇವರು ಹೇಳೋದೇನು ಅಂದ್ರೆ, ನನಗೆ ಹಸಿವಾದ್ರೆ ನಿಮ್ಮನ್ನ ಕೇಳಲ್ಲ, ಬೆಟ್ಟಗಳ ಮೇಲಿರೋ ದನಕರು ಎಲ್ಲಾ ನನ್ನದೇ ಅಂತ. ಅಪೊಸ್ತಲ ಪೌಲನೂ ಗ್ರೀಸಿನ ಅಥೇನೆಯಲ್ಲಿ ನಿಂತು ಅದನ್ನೇ ಹೇಳ್ದ, ದೇವರಿಗೆ ಏನೋ ಕೊರತೆ ಇದೆ ಅಂತ ಮನುಷ್ಯರ ಕೈಯಿಂದ ಸೇವೆ ಮಾಡಿಸ್ಕೊಳ್ಳೋನಲ್ಲ ಆತ, ಎಲ್ಲರಿಗೂ ಜೀವ, ಉಸಿರು ಕೊಡೋನೇ ಆತ ಅಂತ. ನಾವು ಹಾಡದೇ ಇದ್ರೆ ದೇವರ ಮಹಿಮೆ ಒಂದು ಕೂದಲೆಳೆಯಷ್ಟೂ ಕಮ್ಮಿ ಆಗಲ್ಲ. ಕಮ್ಮಿ ಆಗೋದು ನಾವು.

ಹೇಗೆ ಅಂತೀರಾ? ಮನುಷ್ಯ ಯಾವುದನ್ನೂ ಆರಾಧಿಸದೇ ಸುಮ್ನೆ ಇರಲ್ಲ ಸರ್. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಮೊಬೈಲ್ ತಗೊಂಡು ಇವತ್ತಿನ ಕಾಫಿ ರೇಟ್ ನೋಡ್ತೀವಿ, ಏರಿದ್ರೆ ಮುಖ ಅರಳುತ್ತೆ, ಇಳಿದ್ರೆ ಹೆಂಡ್ತಿ ಮಕ್ಕಳ ಮೇಲೆ ರೇಗ್ತೀವಿ. ಕಾಫಿ ರೇಟ್ ನೋಡೋದು ತಪ್ಪು ಅಂತ ನಾನು ಹೇಳ್ತಿಲ್ಲ, ಅದ್ರಲ್ಲೇ ಹೊಟ್ಟೆ ಹೊರೆಯೋ ನಾಡು ನಮ್ದು, ಆದ್ರೆ ನಮ್ಮ ಸಂತೋಷ, ಭಯ ಎರಡೂ ಎಲ್ಲಿಗೆ ಹೋಗಿ ಕೂತ್ಕೊಳ್ಳುತ್ತೋ ಅಲ್ಲೇ ನಮ್ಮ ಆರಾಧನೆ ನಡೀತಾ ಇರುತ್ತೆ, ನಮಗೆ ಗೊತ್ತಿಲ್ಲದ ಹಾಗೆ. ಮನುಷ್ಯ ಯಾವುದರ ಮೇಲೆ ಭರವಸೆ ಇಡ್ತಾನೋ ಅದರ ಹಾಗೇ ಆಗ್ತಾನೆ ಅಂತ 115ನೇ ಕೀರ್ತನೆ ಹೇಳುತ್ತೆ. ದುಡ್ಡನ್ನ ನಂಬಿದೋನು ದುಡ್ಡಿನ ಹಾಗೇ ತಣ್ಣಗೆ ಗಟ್ಟಿ ಆಗ್ತಾನೆ. ಕ್ರಿಸ್ತನನ್ನ ನೋಡ್ತಾ ನೋಡ್ತಾ ಇರೋನು ನಿಧಾನಕ್ಕೆ ಕ್ರಿಸ್ತನ ಕಡೆ ಬದಲಾಗ್ತಾನೆ. ಆರಾಧನೆಯಲ್ಲಿ ನಾವು ದೇವರಿಗೆ ಏನೋ ಕಟ್ಟಿ ಬಾಕಿ ತೀರಿಸ್ತಿಲ್ಲ, ಆತ ತನ್ನನ್ನೇ ನಮಗೆ ಕೊಡ್ತಾನೆ, ತನ್ನ ವಾಕ್ಯದಲ್ಲಿ, ರೊಟ್ಟಿ ದ್ರಾಕ್ಷಾರಸ ಹಂಚೋ ತನ್ನ ಭೋಜನದಲ್ಲಿ, ನಾವು ಕೈ ಚಾಚಿ ತಗೊಳ್ತೀವಿ, ಕೊಟ್ಟದ್ದನ್ನ ಕಂಡಾಗ ಬಾಯಿಂದ ಸ್ತುತಿ ತಾನಾಗೇ ಬರುತ್ತೆ. ನಿಮ್ಮ ಮಗನಿಗೆ ಇದನ್ನ ಹೇಳಿ ನೋಡಿ.

ಇನ್ನು ನಿಮ್ಮ ಪ್ರಶ್ನೆ, ಮನೇಲೇ ಸಾಕಲ್ವಾ ಅಂತ. ಮನೆ ಪ್ರಾರ್ಥನೆ ಬೇಕೇ ಬೇಕು, ಅದನ್ನ ಬಿಡಬೇಡಿ. ಆದ್ರೆ ನಮ್ಮ ಕೊಡಗಲ್ಲೇ ನೋಡಿ, ಹುತ್ತರಿ ಅನ್ನೋ ಸುಗ್ಗಿ ಹಬ್ಬದ ದಿನ ಕದಿರು (ಹೊಸ ಭತ್ತದ ತೆನೆ) ತೆಗೆಯೋಕೆ ಬೆಂಗಳೂರಲ್ಲಿರೋ ಮಕ್ಕಳೂ ರಜೆ ಹಾಕಿ ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲ ಮನೆಗೆ, ಬರ್ತಾರೆ. ಒಬ್ಬನೇ ಹೋಗಿ ನಾಲ್ಕು ತೆನೆ ಕೊಯ್ಕೊಂಡು ಬರೋಕೆ ಆಗಲ್ವಾ? ಆಗುತ್ತೆ, ಆದ್ರೆ ಅದು ಹುತ್ತರಿ ಆಗಲ್ಲ. ಇಸ್ರಾಯೇಲ್ಯರಿಗೂ ಹಾಗೇ ಇತ್ತು, ಧರ್ಮೋಪದೇಶಕಾಂಡ 26ನೇ ಅಧ್ಯಾಯ ಓದಿ, ಪ್ರಥಮ ಫಲದ ಪುಟ್ಟಿ ತಂದು ಯಾಜಕನ ಕೈಗೆ ಕೊಟ್ಟು, ನಮ್ಮ ಹಿರಿಯರು ಅಲೆಮಾರಿಗಳಾಗಿದ್ರು, ಐಗುಪ್ತದಲ್ಲಿ (ಈಜಿಪ್ಟ್) ಗುಲಾಮರಾಗಿದ್ವಿ, ದೇವರು ಬಿಡಿಸ್ಕೊಂಡು ಬಂದ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು, ಆಮೇಲೆ ಆರಾಧನೆಯ ಸೇವೆ ಮಾಡ್ತಿದ್ದ ಲೇವಿಯರು, ಪರದೇಶದಿಂದ ಬಂದೋರು ಎಲ್ಲರ ಜೊತೆ ಸೇರಿ ಸಂತೋಷ ಪಡಬೇಕಿತ್ತು. ಒಟ್ಟಿಗೆ ಸೇರಿ ಹೇಳದೇ ಹೋದ್ರೆ ಎರಡು ತಲೆಮಾರಿಗೆ ಎಲ್ಲಾ ಮರ್ತುಹೋಗುತ್ತೆ.

ಮೊಬೈಲ್ ಆರಾಧನೆ ಕೊರೋನಾ ಟೈಮಲ್ಲಿ ದೊಡ್ಡ ಆಸರೆ ಆಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಮೊಬೈಲಲ್ಲಿ ರೊಟ್ಟಿ ಮುರಿದು ಕೈಗೆ ಕೊಡೋಕಾಗಲ್ಲ. ನಿಮ್ಮ ಮುಖ ಬಾಡಿದ್ದು ನೋಡಿ "ಏನಾಯ್ತು ಅಣ್ಣ?" ಅಂತ ಅದು ಕೇಳಲ್ಲ. ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಸಭೆಯಾಗಿ ಕೂಡೋದನ್ನ ಬಿಡಬೇಡಿ ಅಂತ ಹೇಳಿದೆಯಲ್ಲ, ಅದರ ಹಿಂದಿನ ವಚನ ನೋಡಿ, ಒಬ್ಬರನ್ನೊಬ್ಬರು ಪ್ರೀತಿಗೆ, ಒಳ್ಳೇ ಕೆಲಸಕ್ಕೆ ಹುರಿದುಂಬಿಸಿ ಅಂತಿದೆ. ನೀವು ಬರದೇ ಇದ್ರೆ ನಷ್ಟ ನಿಮಗೊಬ್ಬರಿಗೇ ಅಲ್ಲ, ನಿಮ್ಮ ಪಕ್ಕದಲ್ಲಿ ಕೂತ್ಕೋಬೇಕಾಗಿದ್ದ ವಿಧವೆ ತಾಯಿಗೂ ಅದು ನಷ್ಟ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದಾಗ ಮನೆ ತೋಟ ಎಲ್ಲಾ ಕಳ್ಕೊಂಡೋರಿಗೆ ಹಾಡು ಬಾಯಿಗೆ ಬರುತ್ತಾ? ಬರಲ್ಲ. ಬರಬೇಕು ಅಂತ ಒತ್ತಾಯ ಮಾಡೋದೂ ಕ್ರೂರ. ಅವರ ಬದಲು ಸಭೆ ಹಾಡುತ್ತೆ, ಅವರು ಅತ್ತರೆ ಸಾಕು, ಅದೂ ಆರಾಧನೆಯೇ, 13ನೇ ಕೀರ್ತನೆ ಶುರುವಾಗೋದೇ ಅಳುವಿಂದ, 88ನೇ ಕೀರ್ತನೆ ಪೂರ್ತಿ ಅಳುನೇ ಅಲ್ವಾ, "ಕರ್ತನೇ ಎಷ್ಟು ದಿನ" ಅಂತ ಕೇಳೋಕೆ ಜಾಗ ಇರೋದು ದೇವರ ಮುಂದೇನೇ.

ಕೆಲಸದ ವಿಷಯಕ್ಕೆ ಬರ್ತೀನಿ. ಭಾನುವಾರ ರಜೆ ಅನ್ನೋದು ಮೊದಲಿನಿಂದ ಇದ್ದದ್ದಲ್ಲ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನ ವಿಶ್ರಾಂತಿ ದಿನ ಅಂತ ಆಜ್ಞೆ ಮಾಡಿದ್ದು 321ರಲ್ಲಿ. ಅಲ್ಲೀವರೆಗೆ ಗುಲಾಮರು, ಕೂಲಿಯವರು ಎಲ್ಲಾ ಆವತ್ತೂ ಕೆಲಸಕ್ಕೆ ಹೋಗಲೇಬೇಕಿತ್ತು. ಸುಮಾರು 112ರಲ್ಲಿ ಪ್ಲಿನಿ ಅನ್ನೋ ರೋಮನ್ ರಾಜ್ಯಪಾಲ, ಈಗಿನ ಟರ್ಕಿ ಕಡೆಯಿಂದ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು, ಈ ಕ್ರೈಸ್ತರು ಒಂದು ಗೊತ್ತಾದ ದಿನ ಬೆಳಕು ಹರಿಯೋಕೆ ಮುಂಚೆ ಸೇರ್ತಾರೆ, ಕ್ರಿಸ್ತನನ್ನ ದೇವರು ಅಂತ ಹಾಡ್ತಾರೆ, ಕಳ್ಳತನ ವ್ಯಭಿಚಾರ ಮಾಡಲ್ಲ, ಕೊಟ್ಟ ಮಾತು ತಪ್ಪಲ್ಲ ಅಂತ ಆಣೆ ಮಾಡ್ತಾರೆ ಅಂತ ತಿಳಿಸ್ತಾನೆ. ಅವರ ಮೇಲೆ ವಿಚಾರಣೆ, ಶಿಕ್ಷೆ ನಡೀತಾ ಇದ್ದ ಕಾಲ ಅದು. ನಮ್ಮ ವಿರಾಜಪೇಟೆ ನೆನೆಸ್ಕೊಳ್ಳಿ, ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಿಂದ ತಪ್ಪಿಸ್ಕೊಂಡು ಬಂದ ಕ್ಯಾಥೊಲಿಕರಿಗೆ ದೊಡ್ಡವೀರರಾಜೇಂದ್ರ ಅರಸರು ನೆಲೆ ಕೊಟ್ರು, 1792ರಲ್ಲೇ ಅಲ್ಲಿ ಸಂತ ಅನ್ನಮ್ಮನವರ ಚರ್ಚು ಶುರುವಾಯ್ತು. ಇನ್ನೂ ಕಾಲೂರಿ ನಿಲ್ಲೋಕೆ ಮುಂಚೆನೇ ಆರಾಧನೆಗೆ ಜಾಗ ಮಾಡ್ಕೊಂಡ್ರು ಆ ಜನ.

ನೀವು ರೈಟರ್ ಅಂದ್ರಿ, ಅದಕ್ಕೇ ಒಂದು ಮಾತು ಬಿಚ್ಚಿ ಹೇಳ್ತೀನಿ. ಕುಯ್ಲು ಟೈಮಲ್ಲಿ ಯಾರು ಯಾವತ್ತು ಕೆಲಸಕ್ಕೆ ಅಂತ ಪುಸ್ತಕದಲ್ಲಿ ಬರೆಯೋದು ನೀವೇ ಅಲ್ವಾ. ಕೂಲಿಯವರಿರೋ ಲೈನ್ ಮನೆಗಳಲ್ಲಿ ಚರ್ಚಿಗೆ ಹೋಗೋ ಆಸೆ ಇಟ್ಕೊಂಡ ಕುಟುಂಬಗಳೂ ಇರ್ತವೆ. ಬೈಬಲ್ಲಿನ ಸಬ್ಬತ್ತಿನ, ಅಂದ್ರೆ ವಾರದ ವಿಶ್ರಾಂತಿ ದಿನದ, ಆಜ್ಞೆಯಲ್ಲಿ ನಿನ್ನ ಗಂಡಾಳು ಹೆಣ್ಣಾಳುಗಳಿಗೂ ವಿಶ್ರಾಂತಿ ಸಿಗಲಿ ಅಂತ ಸ್ಪಷ್ಟವಾಗಿದೆ. ಓನರ್ ಹತ್ರ ಮಾತಾಡಿ, ಭಾನುವಾರ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕೆಲಸ ಇಟ್ಕೊಳ್ಳೋಕಾಗುತ್ತಾ ನೋಡಿ. ಆಗಲ್ಲ ಅಂದ್ರೆ ನಿಮ್ಮ ಸಭಾಪಾಲಕರನ್ನ ಕೇಳಿ, ಕುಯ್ಲು ಮುಗಿಯೋವರೆಗೆ ಭಾನುವಾರ ಸಾಯಂಕಾಲ ತೋಟದ ಹತ್ರನೇ ಒಂದು ಆರಾಧನೆ ಇಡಬಹುದಲ್ಲ. ಒಬ್ಬ ರೈಟರ್ ಮನಸ್ಸು ಮಾಡಿದ್ರೆ ಎಷ್ಟೋ ಮನೆಗಳಿಗೆ ದಾರಿ ಆಗುತ್ತೆ.

ಒಳ್ಳೆ ಬದುಕು ಸಾಕಲ್ವಾ ಅನ್ನೋದಕ್ಕೆ, ಪ್ರವಾದಿ ಆಮೋಸನ ಪುಸ್ತಕದ 5ನೇ ಅಧ್ಯಾಯದಲ್ಲಿ ನ್ಯಾಯ ಇಲ್ಲದ ಹಾಡನ್ನ ದೇವರು ಕೇಳೋದೇ ಇಲ್ಲ ಅಂತಾನೆ, ಹಾಗಾಗಿ ನಿಮ್ಮ ಸಹಾಯದ ಕೈಯನ್ನ ನಾನು ಚಿಕ್ಕದು ಮಾಡಲ್ಲ. ಆದ್ರೆ ಆರಾಧನೆ ಬಿಟ್ಟ ಒಳ್ಳೆತನ ನಿಧಾನಕ್ಕೆ ನಾನು ಒಳ್ಳೆಯೋನು ಅನ್ನೋ ಲೆಕ್ಕಕ್ಕೆ ತಿರುಗುತ್ತೆ. ಅದಕ್ಕೇ ವಾರಕ್ಕೊಮ್ಮೆ ಎಲ್ಲರ ಜೊತೆ ನಿಂತು ಪಾಪ ಅರಿಕೆ ಮಾಡ್ಬೇಕು, ಕ್ಷಮೆಯ ಮಾತನ್ನ ಇನ್ನೊಬ್ಬರ ಬಾಯಿಂದ ಕಿವಿಯಾರೆ ಕೇಳ್ಬೇಕು. ಮುಂದಿನ ಭಾನುವಾರ ಮಗನನ್ನೂ ಕರ್ಕೊಂಡು ಹೋಗಿ.

ಪ್ರಶ್ನೆ: ನಮ್ಮ ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ನಾವು ಚರ್ಚಿಗೆ ಹೊರಟಾಗೆಲ್ಲ ಅಳ್ತಾರೆ. ಅವರ ಆರಾಧನೆ ದೇವರಿಗೆ ಮುಟ್ಟುತ್ತಾ?
- ಒಬ್ಬ ಓದುಗರು, ಸುಂಟಿಕೊಪ್ಪ

ಉತ್ತರ: ಖಂಡಿತ ಮುಟ್ಟುತ್ತೆ ಅಮ್ಮ. ಮೇಲೆ ಬರೆದದ್ದು ಬರೋಕಾಗೋರಿಗೆ, ನಿಮ್ಮ ಅತ್ತೆಗೆ ಅಲ್ಲ. ಸುಮಾರು 155ರಲ್ಲಿ ಜಸ್ಟಿನ್ ಅನ್ನೋ ಕ್ರೈಸ್ತರು ರೋಮ್‌ನಲ್ಲಿ ಭಾನುವಾರದ ಆರಾಧನೆ ಹೇಗೆ ನಡೀತಿತ್ತು ಅಂತ ಬರೆದಿಟ್ಟಿದ್ದಾರೆ. ವಾಕ್ಯ ಓದ್ತಾರೆ, ಪ್ರಸಂಗ ಆಗುತ್ತೆ, ಎದ್ದು ಪ್ರಾರ್ಥಿಸ್ತಾರೆ, ರೊಟ್ಟಿ ದ್ರಾಕ್ಷಾರಸ ಹಂಚ್ತಾರೆ, ಬರೋಕಾಗದೇ ಇದ್ದೋರಿಗೆ ಸಭಾಸೇವಕರು ಅದನ್ನ ಮನೆಗೇ ತಗೊಂಡು ಹೋಗ್ತಾರೆ ಅಂತ. ನಿಮ್ಮ ಅಯ್ಯನವರಿಗೋ ಫಾದರ್‌ಗೋ ಹೇಳಿ ಕರ್ತರ ಭೋಜನ ಮನೆಗೆ ತರಿಸಿ, ಕೇಳೋಕೆ ಸಂಕೋಚ ಬೇಡ, ಅದು ಅವರ ಕೆಲಸ. ಸಭೆಯಲ್ಲಿ ಯಾರಿಗೆ ಪ್ರಾರ್ಥನೆ ಬೇಕಾಗಿದೆಯೋ ಆ ಹೆಸರುಗಳನ್ನ ಬರ್ಕೊಂಡು ಬಂದು ಅತ್ತೆಗೆ ಓದಿ ಹೇಳಿ, ಇವರಿಗೋಸ್ಕರ ನೀವು ಪ್ರಾರ್ಥನೆ ಮಾಡ್ಬೇಕು ಅತ್ತೆ ಅಂತ ಜವಾಬ್ದಾರಿ ಕೊಡಿ. ಸಭೆ ಮುಗಿದ ಮೇಲೆ ನಾಲ್ಕು ಜನರನ್ನ ಮನೆಗೆ ಕರ್ಕೊಂಡು ಬಂದು ಹಾಡಿ, ಯಾವ ಕೀರ್ತನೆ ಹಾಡ್ಬೇಕು ಅಂತ ಮಾತ್ರ ಅತ್ತೆನೇ ಹೇಳ್ಲಿ, ಮಾತಾಡೋಕಾಗ್ದೇ ಇದ್ರೆ ಪುಸ್ತಕ ಹಿಡಿದು ತೋರಿಸಿ, ಕೈಯಲ್ಲೋ ಕಣ್ಣಲ್ಲೋ ಹೇಳ್ತಾರೆ.