ಮೂಗಿನ ಡುಬ್ಬಕ್ಕೆ ಫಿಲ್ಲರ್ ಸಾಕಾ, ಆಪರೇಷನ್ನೇ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 27, ಇನ್ನು ಐದು ತಿಂಗಳಿಗೆ ಮದುವೆ. ಪಕ್ಕದಿಂದ ನೋಡಿದರೆ ಮೂಗಿನ ಮೇಲೆ ಡುಬ್ಬ, ನಕ್ಕರೆ ತುದಿ ಕೆಳಗೆ ಜಗ್ಗುತ್ತದೆ. ಕ್ಲಿನಿಕ್‌ನವರು ಫಿಲ್ಲರ್, ಅಂದರೆ ಚರ್ಮದಡಿ ಜೆಲ್ ತುಂಬುವ ಅರ್ಧ ಗಂಟೆಯ ಇಂಜೆಕ್ಷನ್ ಸಾಕು ಅನ್ನುತ್ತಿದ್ದಾರೆ, ಮನೆಯವರಿಗೆ ಆಪರೇಷನ್ ಅಂದರೆ ಭಯ.

ಫಿಲ್ಲರ್‌ಗೆ ಕೂಡಿಸುವುದು ಗೊತ್ತು, ಕಳೆಯುವುದು ಗೊತ್ತಿಲ್ಲ. ಅದು ಡುಬ್ಬವನ್ನು ಕರಗಿಸುವುದಿಲ್ಲ. ಡುಬ್ಬಕ್ಕಿಂತ ಮೇಲೆ, ಎರಡು ಕಣ್ಣುಗಳ ನಡುವಿನ ತಗ್ಗಿನಲ್ಲಿ ಒಂದಿಷ್ಟು, ಕೆಳಗೆ ತುದಿಯ ಹತ್ತಿರ ಒಂದಿಷ್ಟು ಜೆಲ್ ತುಂಬಿ ಗೆರೆಯನ್ನು ನೇರ ಮಾಡುತ್ತಾರೆ. ರಸ್ತೆಯ ಹಂಪ್ ಒಡೆಯದೆ ಆಚೀಚೆ ಮಣ್ಣು ಹಾಕಿ ಏರಿಸಿದ ಹಾಗೆ. ಮೂಗು ನಿಜದಲ್ಲಿ ಕೂದಲೆಳೆಯಷ್ಟು ದೊಡ್ಡದೇ ಆಗಿರುತ್ತದೆ, ಪಕ್ಕದ ನೋಟಕ್ಕೆ ಮಾತ್ರ ನೇರ. ಅಗಲ ಮೂಗು, ದಪ್ಪ ತುದಿ, ದೊಡ್ಡ ಹೊಳ್ಳೆ ಇದ್ದವರಿಗೆ ಇಂಜೆಕ್ಷನ್‌ನಿಂದ ಮೂಗು ಸಣ್ಣದಾಗುವುದಿಲ್ಲ. ಆಗುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸೆಲ್ಫಿ ಬೇಡ, ಹತ್ತಿರದಿಂದ ತೆಗೆದರೆ ಯಾರ ಮೂಗೂ ದೊಡ್ಡದಾಗಿಯೇ ಕಾಣುತ್ತದೆ. ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ ಪಕ್ಕದ ಫೋಟೊ ತೆಗೆಯಲು ಯಾರಿಗಾದರೂ ಹೇಳಿ. ಫೋಟೊ ಮೇಲೆ ಕಣ್ಣುಗಳ ನಡುವಿನ ತಗ್ಗಿನಿಂದ ಮೂಗಿನ ತುದಿಯವರೆಗೆ ಒಂದು ಗೆರೆ ಎಳೆಯಿರಿ. ತಗ್ಗು ಆಳವಾಗಿದ್ದು, ಡುಬ್ಬ ಗೆರೆಯನ್ನು ಸ್ವಲ್ಪವೇ ದಾಟಿದ್ದರೆ ಫಿಲ್ಲರ್ ಒಪ್ಪುತ್ತದೆ. ಡುಬ್ಬ ಎದ್ದು ನಿಂತಿದ್ದರೆ, ಅದಕ್ಕೆ ಸರಿಗಟ್ಟಲು ಹಣೆಯಿಂದಲೇ ಮೂಗು ಶುರುವಾದಂತೆ ತುಂಬಬೇಕಾಗುತ್ತದೆ. ಎದುರಿನಿಂದ ನೋಡಿದಾಗ ಆ ಮೂಗು ಚೆನ್ನಾಗಿ ಕಾಣುವುದಿಲ್ಲ.

ಇನ್ನೊಂದು ಪರೀಕ್ಷೆ ಉಸಿರಿನದು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಉಸಿರೆಳೆಯಿರಿ. ಕಷ್ಟ ಅನಿಸಿದರೆ ಆ ಕಡೆಯ ಕೆನ್ನೆಯನ್ನು ಬೆರಳಿನಿಂದ ಕಿವಿಯತ್ತ ಎಳೆದು ಮತ್ತೆ ನೋಡಿ. ಆಗ ಸಲೀಸಾದರೆ ಮೂಗಿನೊಳಗಿನ ಸಂದು ಇಕ್ಕಟ್ಟಾಗಿರಬಹುದು, ಇಲ್ಲವೇ ನಡುಗೋಡೆ ಸೊಟ್ಟಗಿರಬಹುದು. ಅದನ್ನು ಯಾವ ಇಂಜೆಕ್ಷನ್ನೂ ಸರಿ ಮಾಡುವುದಿಲ್ಲ, ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಈಗ ಇಂಜೆಕ್ಷನ್. ಬಳಸುವುದು ಹೈಅಲುರಾನಿಕ್ ಆಸಿಡ್ ಜೆಲ್ ಮಾತ್ರ ಆಗಿರಬೇಕು. ಇಡೀ ಮೂಗಿಗೆ ಬೇಕಾಗುವುದು ಹೆಚ್ಚಿನವರಲ್ಲಿ ಅರ್ಧದಿಂದ ಒಂದು ಎಂಎಲ್. ಮರಗಟ್ಟಿಸುವ ಕ್ರೀಮ್ ಹಚ್ಚಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ, ಮೂಗಿನ ಸರಿ ನಡುಗೆರೆಯಲ್ಲಿ, ಎಲುಬಿಗೆ ಇಲ್ಲವೇ ಮೃದ್ವಸ್ಥಿಗೆ (ಬಾಗುವ ಮೆತ್ತನೆ ಎಲುಬು) ತಾಗುವಷ್ಟು ಆಳದಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಒಂದು ಸಲಕ್ಕೆ 0.1 ಎಂಎಲ್‌ಗಿಂತ ಕಡಿಮೆ, ತೀರಾ ನಿಧಾನ. ನಡುಗೆರೆ ಮತ್ತು ಆಳ ಯಾಕೆಂದರೆ ಮೂಗಿನ ರಕ್ತನಾಳಗಳು ಹೆಚ್ಚಾಗಿ ಪಕ್ಕದಲ್ಲಿ, ಚರ್ಮಕ್ಕೆ ಹತ್ತಿರವಾಗಿ ಹರಿಯುತ್ತವೆ. ಪರಿಣಾಮ ಒಂಬತ್ತು ತಿಂಗಳಿಂದ ಒಂದೂವರೆ ವರ್ಷ ನಿಲ್ಲುತ್ತದೆ. ತುದಿ ಜಗ್ಗುವುದಕ್ಕೆ ಕಾರಣ ನಕ್ಕಾಗ ತುದಿಯನ್ನು ಕೆಳಗೆಳೆಯುವ ಒಂದು ಸಣ್ಣ ಸ್ನಾಯು. ಅದಕ್ಕೆ ಎರಡರಿಂದ ನಾಲ್ಕು ಯೂನಿಟ್ ಬೊಟಾಕ್ಸ್ ಸಾಕಾಗುತ್ತದೆ, ಮೂರು-ನಾಲ್ಕು ತಿಂಗಳು ಕೆಲಸ ಮಾಡುತ್ತದೆ.

ಮನೆಯವರ ಭಯ ಆಪರೇಷನ್ ಮೇಲಿದೆ. ನನಗೆ ಹೆಚ್ಚು ಎಚ್ಚರ ಬೇಕು ಅನಿಸುವುದು ಈ 'ಸಣ್ಣ ಇಂಜೆಕ್ಷನ್' ವಿಷಯದಲ್ಲಿ. ಮುಖದಲ್ಲಿ ಫಿಲ್ಲರ್ ಹಾಕುವ ಜಾಗಗಳಲ್ಲಿ ಮೂಗು ಮತ್ತು ಹುಬ್ಬುಗಳ ನಡುವಿನ ಜಾಗವೇ ಅತಿ ಅಪಾಯದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೂಗಿಗೆ ಅಂತ ಯಾವ ಫಿಲ್ಲರ್‌ಗೂ ಒಪ್ಪಿಗೆ ಕೊಟ್ಟಿಲ್ಲ. ಮೂಗಿನ ಮೇಲ್ಭಾಗದ ನಾಳ ಕಣ್ಣಿಗೆ ರಕ್ತ ಕೊಡುವ ನಾಳದ್ದೇ ಕವಲು. ಸೂಜಿ ಅದರೊಳಗೆ ಹೊಕ್ಕು, ಒತ್ತಡ ಜಾಸ್ತಿಯಾದರೆ ಜೆಲ್ ಹಿಂದಕ್ಕೆ ತಳ್ಳಿಸಿಕೊಂಡು ಕಣ್ಣಿನ ಒಳಪರದೆಯ (ರೆಟಿನಾ) ನಾಳದವರೆಗೂ ಹೋಗಬಲ್ಲದು. ಹಣೆ, ಮೂಗು, ಕಣ್ಣಿನ ಈ ರಕ್ತಸಂಬಂಧ ನಮಗೆ ಹೊಸದಲ್ಲ. 1792ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಸೆರೆ ಸಿಕ್ಕು ಮೂಗು ಕಳೆದುಕೊಂಡ, ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುವ ಕಾವಸ್ಜಿಗೆ ಪುಣೆಯ ಬಳಿ ಹಣೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಹುಬ್ಬಿನ ಬಳಿ ಬಿಟ್ಟ ಕಿರಿದಾದ ತೊಟ್ಟಿನಿಂದಲೇ ರಕ್ತ ಹರಿದು ಆ ಚರ್ಮ ಬದುಕುತ್ತದೆ. ಆ ತೊಟ್ಟಿನ ನಾಳವೂ ಕಣ್ಣಿನ ನಾಳದಿಂದಲೇ ಬರುತ್ತದೆ. ಅಂದು ಮೂಗನ್ನು ಉಳಿಸಿದ ಅದೇ ಜೋಡಣೆ ಫಿಲ್ಲರ್ ಹಾಕುವವರಿಗೆ ತಲೆನೋವು.

ಕಣ್ಣು ಹೋಗುವುದು ಬಹಳ ಅಪರೂಪ, ಆದರೆ ಹೋದ ದೃಷ್ಟಿ ಮರಳುವುದು ಇನ್ನೂ ಅಪರೂಪ. ಪರದೆಗೆ ರಕ್ತ ನಿಂತರೆ ಕೈಯಲ್ಲಿರುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಇದಕ್ಕಿಂತ ಹೆಚ್ಚಾಗಿ ಕಾಣುವುದು ಚರ್ಮದ ನಾಳ ಕಟ್ಟಿಕೊಳ್ಳುವುದು, ಅದನ್ನು ನೀವೇ ಗುರುತಿಸಬಹುದು. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಎರಡು-ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಅದಕ್ಕಿಂತ ತಡವಾದರೆ, ಚರ್ಮ ಸುಣ್ಣದಂತೆ ಬಿಳಿಚಿದರೆ, ಬಲೆಯಂತೆ ನೀಲಿ-ಕೆಂಪು ಗೆರೆ ಮೂಡಿದರೆ, ನೋವು ಗಂಟೆಗಂಟೆಗೆ ಏರುತ್ತಿದ್ದರೆ ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಎರಡು-ಮೂರು ದಿನದ ನಂತರ ಸಣ್ಣ ಕೀವುಗುಳ್ಳೆ ಏಳುವುದೂ ಇದೆ. ಮೊಡವೆ ಅಂದುಕೊಂಡು ಕ್ರೀಮ್ ಹಚ್ಚಿಕೊಂಡು ಕೂತವರ ಚರ್ಮ ಕಪ್ಪಾಗಿ ಉದುರಿದ್ದಿದೆ.

ಇದಕ್ಕೆ ಮದ್ದು ಹೈಅಲುರಾನಿಡೇಸ್, ಜೆಲ್ಲನ್ನು ಕರಗಿಸುವ ಕಿಣ್ವ. ಕ್ಲಿನಿಕ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: 'ಅದರ ವಯಲ್ (ಔಷಧದ ಶೀಶೆ) ಇಲ್ಲೇ ಇದೆಯಾ, ತೋರಿಸಿ.' 1500 ಯೂನಿಟ್‌ನ ಒಂದೇ ವಯಲ್ ಇದ್ದರೆ ಸಾಲದು. ನಾಳ ಕಟ್ಟಿದಾಗ ನೂರಾರು ಯೂನಿಟ್ ಕೊಟ್ಟು, ಬಣ್ಣ ಮರಳುವವರೆಗೆ ಗಂಟೆಗೊಮ್ಮೆ ಮತ್ತೆ ಕೊಡಬೇಕಾಗಬಹುದು. ಎರಡನೆಯ ಪ್ರಶ್ನೆ ಜೆಲ್‌ನ ಹೆಸರು. ಸಿರಿಂಜ್‌ನ ಪ್ಯಾಕ್ ನಿಮ್ಮೆದುರೇ ಒಡೆಯಬೇಕು, ಸ್ಟಿಕರ್ ಕೇಳಿ ಇಟ್ಟುಕೊಳ್ಳಿ. ಕ್ಯಾಲ್ಸಿಯಂ ಇರುವ ಫಿಲ್ಲರ್ ಈ ಕಿಣ್ವಕ್ಕೆ ಕರಗುವುದಿಲ್ಲ. ದ್ರವ ಸಿಲಿಕೋನ್ ಅಂತೂ ಹತ್ತಿರ ಸೇರಿಸಬೇಡಿ. ಬ್ಯೂಟಿ ಪಾರ್ಲರ್‌ನಲ್ಲಿ, ಹೋಟೆಲ್ ಕೋಣೆಯಲ್ಲಿ ಹಾಕಿಸಿಕೊಳ್ಳುವ ಮಾತೇ ಬೇಡ. ಕರ್ನಾಟಕದಲ್ಲಾದರೆ ಕ್ಲಿನಿಕ್‌ಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಇರಬೇಕು, ಅದನ್ನು ಗೋಡೆಯ ಮೇಲೇ ಹಾಕಿರುತ್ತಾರೆ.

ಆಪರೇಷನ್ ಇನ್ನೊಂದು ಬಗೆಯ ಲೆಕ್ಕ. ಅರಿವಳಿಕೆ ಕೊಟ್ಟು ಪೂರ್ತಿ ಪ್ರಜ್ಞೆ ತಪ್ಪಿಸಿ, ಎರಡು-ಮೂರು ಗಂಟೆ. ಎರಡು ಹೊಳ್ಳೆಗಳ ನಡುವಿನ ಕಂಬದಲ್ಲಿ ಸಣ್ಣ ಗೀರು ಹಾಕಿ ಚರ್ಮ ಎತ್ತುವುದು ತೆರೆದ ವಿಧಾನ, ಎಲ್ಲವನ್ನೂ ಒಳಗಿನಿಂದಲೇ ಮಾಡುವುದು ಮುಚ್ಚಿದ ವಿಧಾನ. ಡುಬ್ಬದ ಎಲುಬನ್ನು ಉಜ್ಜಿ, ಮೃದ್ವಸ್ಥಿಯನ್ನು ಕತ್ತರಿಸಿ ಇಳಿಸಿದ ಮೇಲೆ ಮೂಗಿನ ಮಾಳಿಗೆ ತೆರೆದುಕೊಳ್ಳುತ್ತದೆ. ಆಗ ಪಕ್ಕದ ಎಲುಬನ್ನು ಉದ್ದಕ್ಕೆ ಕತ್ತರಿಸಿ ಒಳಗೆ ಸರಿಸಿ ಮುಚ್ಚಬೇಕು. ಕಣ್ಣಿನ ಕೆಳಗೆ ಕಪ್ಪಾಗುವುದು ಈ ಕಾರಣಕ್ಕೆ. ತುದಿ ಎತ್ತಲು ನಡುಗೋಡೆಯಿಂದ ತೆಗೆದ ಮೃದ್ವಸ್ಥಿಯ ಚೂರನ್ನು ಊರೆಗೋಲಿನಂತೆ ನಿಲ್ಲಿಸುತ್ತಾರೆ. ಹಾಗೆ ತೆಗೆಯುವಾಗ ಮೇಲೆ ಮತ್ತು ಮುಂದೆ ಕನಿಷ್ಠ ಒಂದು ಸೆಂಟಿಮೀಟರ್ ಪಟ್ಟಿ ಉಳಿಸಲೇಬೇಕು, ಇಲ್ಲದಿದ್ದರೆ ಕಾಲಕ್ರಮೇಣ ಮೂಗು ಕುದುರೆಯ ಜೀನಿನಂತೆ ಕುಸಿಯುತ್ತದೆ. ಎಲುಬನ್ನು ಇಳಿಸಿ ತುದಿಯ ಮೇಲಿನ ಮೃದ್ವಸ್ಥಿಯನ್ನು ಇಳಿಸದೆ ಬಿಟ್ಟರೆ ಗಿಣಿಮೂಗು. ವಿಪರೀತ ಇಳಿಸಿದರೆ ಉಸಿರು ಕಟ್ಟುತ್ತದೆ. ಎರಡನೇ ಆಪರೇಷನ್ ಬೇಕಾಗುವವರೂ ಇದ್ದಾರೆ, ಅದಕ್ಕೆ ಕನಿಷ್ಠ ಒಂದು ವರ್ಷ ಕಾಯಬೇಕು.

ಚೇತರಿಕೆ: ಮೂಗಿನ ಮೇಲಿನ ಪಟ್ಟಿ ಒಂದು ವಾರ, ಕಪ್ಪು ಕಲೆ ಎರಡು ವಾರ, ಎರಡು-ಮೂರು ವಾರಕ್ಕೆ ಆಫೀಸಿಗೆ ಹೋಗಬಹುದು. ಕನ್ನಡಕವನ್ನು ಮೂಗಿನ ಮೇಲೆ ಕೂರಿಸುವಂತಿಲ್ಲ, ನಾಲ್ಕರಿಂದ ಆರು ವಾರ. ಊತ ಬಹುಪಾಲು ಮೂರು ತಿಂಗಳಲ್ಲಿ ಇಳಿಯುತ್ತದೆ, ಆದರೆ ತುದಿ ಕೊನೆಯ ರೂಪಕ್ಕೆ ಬರಲು ಒಂದು ವರ್ಷ. ನಮ್ಮವರಲ್ಲಿ ಚರ್ಮ ದಪ್ಪ ಇರುವವರು ಹೆಚ್ಚು, ಅವರಿಗೆ ಇನ್ನೂ ತಡ. ಸಿಗರೇಟು ನಾಲ್ಕು ವಾರ ಮೊದಲೇ ಬಿಡಬೇಕು. ಆಸ್ಪಿರಿನ್, ಐಬುಪ್ರೊಫೆನ್ ಥರದವನ್ನು ಒಂದೆರಡು ವಾರ ಮೊದಲು ನಿಲ್ಲಿಸಬೇಕು, ಅದೂ ಡಾಕ್ಟರನ್ನು ಕೇಳಿಯೇ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಫಿಲ್ಲರ್‌ಗೆ ಒಂದು ಸಲಕ್ಕೆ 30,000 ಅಂತಿಟ್ಟುಕೊಂಡು ವರ್ಷಕ್ಕೊಮ್ಮೆ ಹಾಕಿಸಿದರೆ ಐದು ವರ್ಷಕ್ಕೆ ಒಂದೂವರೆ ಲಕ್ಷ. 'ಅಗ್ಗ' ಅನ್ನುವುದು ಮೊದಲ ವರ್ಷದ ಮಾತು. ಅಂದಕ್ಕೆ ಮಾಡಿಸಿದರೆ ಎರಡಕ್ಕೂ ಜಿಎಸ್‌ಟಿ ಇದೆ, ವಿಮೆ ಇಲ್ಲ. ನಡುಗೋಡೆ ಸೊಟ್ಟಗಿದ್ದು ಉಸಿರಿಗೆ ತೊಂದರೆಯಾದರೆ ಆ ಭಾಗದ ಖರ್ಚು ವಿಮೆಯಲ್ಲಿ ಬರಬಹುದು, ಆದರೆ ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಎರಡು ವರ್ಷದ ಕಾಯುವಿಕೆ ಇದೆ.

ನಿಮ್ಮ ವಿಷಯಕ್ಕೆ ಬಂದರೆ, ಮದುವೆ ಫೋಟೊಗೋಸ್ಕರ ಐದು ತಿಂಗಳಲ್ಲಿ ಆಪರೇಷನ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಫೋಟೊದಲ್ಲಿ ಇನ್ನೂ ಊತ ಪೂರ್ತಿ ಇಳಿಯದ ತುದಿ ಇರುತ್ತದೆ. ಮೂಗುತಿ ಹಾಕುವವರಾದರೆ ಅದನ್ನೂ ವಾರಗಟ್ಟಲೆ ತೆಗೆದಿಡಬೇಕು, ತೂತು ಮುಚ್ಚಿಕೊಂಡರೆ ಮನೆಯಲ್ಲಿ ಇನ್ನೊಂದು ರಗಳೆ. ಡುಬ್ಬ ಸಣ್ಣದು, ಉಸಿರು ಸರಿಯಿದೆ ಅಂದರೆ ಮದುವೆಗೆ ಒಂದೂವರೆ ತಿಂಗಳು ಮುಂಚೆ ಫಿಲ್ಲರ್ ಹಾಕಿಸಬಹುದು. ಹಿಂದಿನ ವಾರ ಬೇಡ, ಕಂದಿದರೆ ಅರಿಶಿನದ ಶಾಸ್ತ್ರಕ್ಕೂ ಮಾಯುವುದಿಲ್ಲ. ಡುಬ್ಬ ದೊಡ್ಡದಾಗಿದ್ದರೆ ಈಗ ಏನೂ ಮಾಡಿಸದೆ, ಮದುವೆ ಮುಗಿದ ಮೇಲೆ ಮೂಗಿನ ಆಪರೇಷನ್ನನ್ನೇ ಹೆಚ್ಚಾಗಿ ಮಾಡುವ ಪ್ಲಾಸ್ಟಿಕ್ ಸರ್ಜನ್ ಅಥವಾ ಇಎನ್‌ಟಿ ಸರ್ಜನ್ ಹತ್ತಿರ ಹೋಗಿ. ಅವರ ಹಳೆಯ ರೋಗಿಗಳ ಫೋಟೊ ತೋರಿಸಲು ಹೇಳಿ, ಒಂದು ತಿಂಗಳದ್ದಲ್ಲ, ಒಂದು ವರ್ಷ ಕಳೆದದ್ದು. ಅಷ್ಟರಲ್ಲಿ ಫಿಲ್ಲರ್ ಹಾಕಿಸಿಕೊಂಡಿದ್ದರೆ ಮುಚ್ಚಿಡಬೇಡಿ, ಕೆಲವು ವಾರ ಮೊದಲು ಅದನ್ನು ಕರಗಿಸಿಯೇ ಕತ್ತಿ ಹಿಡಿಯುತ್ತಾರೆ. ಆಪರೇಷನ್ ಆದ ಮೂಗಿಗೆ ಆಮೇಲೆ 'ಸ್ವಲ್ಪ ಟಚ್‌ಅಪ್' ಅಂತ ಫಿಲ್ಲರ್ ಹಾಕಿಸುವುದಾದರೆ ಆ ಸರ್ಜನ್‌ಗೆ ಹೇಳದೆ ಹಾಕಿಸಬೇಡಿ: ಒಳಗಿನ ಗಾಯದಿಂದ ನಾಳಗಳು ದಾರಿ ಬದಲಿಸಿರುತ್ತವೆ, ಸೂಜಿ ಎಲ್ಲಿ ಹೋಗಬಾರದು ಅನ್ನುವ ಮಾಮೂಲಿ ನಕ್ಷೆ ಅಲ್ಲಿ ನಡೆಯುವುದಿಲ್ಲ.