ಲಗ್ನಪತ್ರಿಕೆಯಲ್ಲಿ ‘ಮಾಜಿ’ ಎಂದು ಹಾಕಿಸಿದರೆ ಅವರಿಗೆ ನೋವಾಗುತ್ತದೆಯೇ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಅಪ್ಪ ತೀರಿಕೊಂಡಾಗ ನನಗೆ ಹಾಸ್ಟೆಲ್ ಸೀಟು ಕೊಡಿಸಿ, ಓದು ನಿಲ್ಲದಂತೆ ನೋಡಿಕೊಂಡವರು ನಮ್ಮ ಕ್ಷೇತ್ರದ ಆಗಿನ ಶಾಸಕರು. ಅಪ್ಪನ ಗೆಳೆಯರು. 2023ರ ಚುನಾವಣೆಯಲ್ಲಿ ಅವರು ಸೋತರು. ಲಗ್ನಪತ್ರಿಕೆಯಲ್ಲಿ ಅವರ ಹೆಸರಿರಬೇಕು ಅಂತ ನನ್ನ ಆಸೆ. ‘ಮಾಜಿ’ ಅಂದರೆ ಹಂಗಿಸಿದ ಹಾಗೆ ಎನ್ನುತ್ತಾರೆ ಅಮ್ಮ. ಬರೀ ‘ಶಾಸಕರು’ ಅಂದರೆ ಈಗಿನವರ ಕಡೆಯವರು ಸುಮ್ನಿರಲ್ಲ ಎನ್ನುತ್ತಾರೆ ಚಿಕ್ಕಪ್ಪ. ಎದುರಿಗೆ ಸಿಕ್ಕರೆ ‘ಎಂಎಲ್‌ಎ ಸಾಹೇಬ್ರೇ’ ಎನ್ನಲೂ ಬಾಯಿ ತಡವರಿಸುತ್ತದೆ. ಏನು ಮಾಡಲಿ?

ಉತ್ತರ: ಮೊದಲು ನನ್ನ ಹಾರೈಕೆ. ಉಪಕಾರ ಮಾಡಿದವರನ್ನು ಸೋತ ಮೇಲೂ ನೆನೆದಿದ್ದೀರಲ್ಲ, ತುಂಬ ಸಂತೋಷವಾಯಿತು.

‘ಮಾಜಿ ಶಾಸಕರು’ ಎಂದೇ ಹಾಕಿಸಿ. ಅದರಲ್ಲಿ ಅವಮಾನವಿಲ್ಲ. ಕೇಂದ್ರ ಸರ್ಕಾರ ಗಣ್ಯರಿಗೆ ಸ್ಥಾನ ಗೊತ್ತುಮಾಡುವ ಪಟ್ಟಿಯೊಂದನ್ನು ಇಟ್ಟಿದೆ. ಅದರಲ್ಲಿ ಮಾಜಿ ರಾಷ್ಟ್ರಪತಿಗಳಿಗೆ 5ನೇ ಸ್ಥಾನ. ಕೇಂದ್ರದ ಸಂಪುಟ ಸಚಿವರು ಬರುವುದು 7ರಲ್ಲಿ, ಮಾಜಿ ಪ್ರಧಾನಿಗಳೂ ಅಲ್ಲೇ. ದೆಹಲಿಯಲ್ಲಿ ಮರ್ಯಾದೆ ಇರುವ ಪದಕ್ಕೆ ನಿಮ್ಮ ಮನೆಯ ಚಪ್ಪರದಲ್ಲಿ ಯಾಕೆ ಇರಬಾರದು?

‘ನಿವೃತ್ತ’ ಬೇಡ. ಅದು ನೌಕರಿಯಿಂದ ವಯಸ್ಸಾಗಿ ಇಳಿದವರಿಗೆ. ಇವರು ನಾಳೆ ಮತ್ತೆ ನಿಲ್ಲಬಹುದು. ‘ಮಾನ್ಯ’ವನ್ನು ಕುರ್ಚಿಯಲ್ಲಿ ಇರುವವರಿಗೆ ಬಿಡಿ. ಹೆಸರಿಗೆ ‘ಶ್ರೀ’ ಸಾಕು. 2012ರಲ್ಲಿ ಪ್ರಣಬ್ ಮುಖರ್ಜಿಯವರು ರಾಷ್ಟ್ರಪತಿಯಾಗಿದ್ದಾಗಲೇ, ದೇಶದೊಳಗಿನ ಸಮಾರಂಭಗಳಲ್ಲಿ ತಮಗೆ ‘ಘನತೆವೆತ್ತ’ ಎನ್ನುವುದನ್ನು ಬಿಡಿಸಿದರು, ಅಲ್ವಾ?

ಈಗಿನ ಶಾಸಕರನ್ನೂ ಕರೆಯುತ್ತೀರಾದರೆ ಹೆಸರು ಯಾವುದು ಮೊದಲು ಎಂಬ ಗೊಂದಲ ಬೇಡ. ಸರ್ಕಾರಿ ಸಮಾರಂಭಕ್ಕೆ ಶಿಷ್ಟಾಚಾರ ಉಂಟು. ಮದುವೆ ನಿಮ್ಮ ಮನೆಯದು. ಓದಿಸಿದವರ ಹೆಸರು ಮೊದಲಿರಲಿ.

ಬಾಯಿಮಾತಿನ ವಿಷಯ ಬೇರೆ. ದೇವೇಗೌಡರು ಪ್ರಧಾನಿಯಾಗಿದ್ದು 1996ರ ಜೂನ್‌ನಿಂದ 1997ರ ಏಪ್ರಿಲ್‌ವರೆಗೆ, ವರ್ಷವೂ ತುಂಬಲಿಲ್ಲ. ಪತ್ರಿಕೆಗಳಲ್ಲಿ ಅಂದಿನಿಂದ ‘ಮಾಜಿ ಪ್ರಧಾನಿ’. ಜನರ ಬಾಯಲ್ಲಿ ಮೊದಲೂ ಗೌಡ್ರು, ಈಗಲೂ ಗೌಡ್ರು. ನಿಮ್ಮ ಅಪ್ಪ ಈ ಮಾಜಿ ಶಾಸಕರನ್ನು ಏನೆಂದು ಕರೆಯುತ್ತಿದ್ದರು? ‘ಅಣ್ಣ’ ಎನ್ನುತ್ತಿದ್ದರೆ ನಿಮಗೆ ಅವರು ದೊಡ್ಡಪ್ಪ. ಹಾಗೇ ಕರೆಯಿರಿ. ಅಷ್ಟು ಸಲಿಗೆ ಇಲ್ಲದಿದ್ದರೆ ‘ಎಂಎಲ್‌ಎ’ ಬಿಟ್ಟು ಬರೀ ‘ಸಾಹೇಬ್ರೇ’ ಎನ್ನಿ.

ಅಮ್ಮನ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಸೋತವರನ್ನು ಕುಟುಕುವುದು ಆ ಪದಕ್ಕಿಂತ ಜಾಸ್ತಿ, ಬಿಕೋ ಎನ್ನುವ ಮನೆಯಂಗಳ. ನಿನ್ನೆವರೆಗೆ ಬಾಗಿಲಲ್ಲಿ ಕಾಯುತ್ತಿದ್ದವರು ಇವತ್ತು ಫೋನೂ ಎತ್ತುವುದಿಲ್ಲ. ಹಾಗಾಗಿ ಪತ್ರಿಕೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ. ಅಚ್ಚಿಗೆ ಕೊಡುವ ಮೊದಲೇ ಅಮ್ಮನ ಜೊತೆ ಹೋಗಿ, ‘ಹೀಗೆ ಹಾಕಿಸ್ಲಾ ದೊಡ್ಡಪ್ಪ?’ ಎಂದು ಕೇಳಿ. ಆಮೇಲೆ ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಹಿಡಿದು ಇನ್ನೊಮ್ಮೆ ಹೋಗಿ.

ಮದುವೆ ದಿನ ಮೈಕ್ ಹಿಡಿಯುವವರಿಗೂ ಒಂದು ಚೀಟಿ ಬರೆದುಕೊಡಿ. ಅವರ ಹೆಸರು, ಆಮೇಲೆ ‘ಮಾಜಿ ಶಾಸಕರು’, ಆಮೇಲೆ ‘ವಧುವನ್ನು ಓದಿಸಿದವರು’.