ಟ್ಯಾಕಲ್ ಚೆನ್ನಾಗಿದ್ದರೂ ನಡುವಿನಿಂದ ನುಗ್ಗಿ ಬರ್ತಾರೆ ಅಂದಿದ್ದಕ್ಕೆ

ಫುಟ್‌ಬಾಲ್ ಆಡೋ ನಿಮ್ಮ ಹುಡುಗ ಚೆಂಡಿನ ಹಿಂದೆ ಓಡಿ ಜಾಗ ಬಿಡ್ತಿರಬೇಕು. ಗಟ್ಟಿ ಆಳು, ಟ್ಯಾಕಲ್ ಚೆನ್ನಾಗಿ ಮಾಡ್ತಾನೆ, ಆದರೂ ಎದುರಾಳಿಗಳು ನಡುವಿನಿಂದಲೇ ಬರ್ತಾರೆ, ಇವನು ಡಿಫೆನ್ಸಿವ್ ಮಿಡ್‌ಫೀಲ್ಡ್‌ಗೆ (ಡಿಫೆಂಡರ್‌ಗಳ ಮುಂದೆ ನಿಂತು ನಡುವಿನ ಜಾಗ ಕಾಯೋ ಸ್ಥಾನಕ್ಕೆ) ಆಗ್ತಾನಾ ಅಂತ ಕೇಳಿದ್ದೀರಿ. ಆಟ ನೋಡದೆ ಖಚಿತವಾಗಿ ಹೇಳಲಾರೆ, ನೀವೇ ಹೀಗೆ ಪರೀಕ್ಷಿಸಿ.

ಮೊದಲು, ಗೋವಾದ ವಾಸ್ಕೋದ ಮುಂದಿನ ಪಂದ್ಯದಲ್ಲಿ 15 ನಿಮಿಷ ಚೆಂಡು ಬಿಟ್ಟು ಅವನನ್ನೇ ನೋಡಿ. ಪಾಸ್ ಬರೋ ಮುಂಚೆ ಕತ್ತು ಹೊರಳಿಸಿ ಹಿಂದೆ ನೋಡ್ತಾನಾ? ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಮುಂದೆ ಹೋದಾಗ ಆ ಖಾಲಿ ಜಾಗದ ಕಡೆ ಸರೀತಾನಾ, ಇಲ್ಲ ತಾನೂ ಮುಂದೆ ಓಡ್ತಾನಾ? ನನ್ನ ಮಟ್ಟಿಗೆ ಮುಕ್ಕಾಲು ಉತ್ತರ ಈ ಎರಡರಲ್ಲೇ ಇದೆ. ವೇಗದ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಿಮ್ಮೂರಿನ ಎಫ್‌ಸಿ ಗೋವಾಕ್ಕೆ ಆಡಿದ ಮಿಡ್‌ಫೀಲ್ಡರ್ ಅಹ್ಮದ್ ಜಾಹೂ ವೇಗಕ್ಕೆ ಹೆಸರಾದವನಲ್ಲ. ನಿಲ್ಲೋ ಜಾಗ, ಉದ್ದ ಪಾಸ್, ಇವುಗಳಿಂದಲೇ ಆಟ ನಡೆಸ್ತಿದ್ದ.

ಆಮೇಲೆ ಪ್ರಾಕ್ಟೀಸಿನಲ್ಲಿ ನಾಲ್ವರನ್ನ ಚೌಕದ ಅಂಚಿಗೆ ನಿಲ್ಲಿಸಿ, ಇವನನ್ನ ನಡುವೆ ಹಾಕಿ, ಚೆಂಡು ಕಸಿಯೋಕೆ ಇಬ್ಬರನ್ನ ಬಿಡಿ. ಬೆನ್ನಿಗೆ ಆಳಿದ್ದಾಗಲೂ ಒಂದೆರಡು ಟಚ್‌ನಲ್ಲಿ ಚೆಂಡು ಬಿಡ್ತಾನಾ ನೋಡಿ. ಮಳೆಗಾಲದ ಕೆಸರಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ; ಅಲ್ಲಿ ಜಾರಿ ಟ್ಯಾಕಲ್ ಮಾಡೋರೆಲ್ಲ ಶೂರರೇ.

ಹಿಂದೆ ನೋಡೋ ಅಭ್ಯಾಸ ಕಲಿಸಬಹುದು, ಕೆಲವು ವಾರ ಕೊಡಿ. ನಿಲ್ಲು ಅಂದರೂ ಮತ್ತೆ ಮತ್ತೆ ಓಡೋನಾದರೆ ಅವನನ್ನ ಸ್ವಲ್ಪ ಮುಂದೆ, ಬಾಕ್ಸ್-ಟು-ಬಾಕ್ಸ್ (ಎರಡೂ ಗೋಲುಗಳ ನಡುವೆ ಓಡಾಡೋ ಮಿಡ್‌ಫೀಲ್ಡರ್) ಆಡಿಸಿ. ಅವನು ಬಿಟ್ಟ ಜಾಗಕ್ಕೆ, ಪಾಸ್ ಚೆನ್ನಾಗಿರೋ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಯಾರಾದರೂ ಇದ್ದರೆ ಒಂದು ಪಂದ್ಯ ನಿಲ್ಲಿಸಿ ನೋಡಿ.